ಉತ್ತರ ನಾರ್ವೆಯ ಹಾಯಿದೋಣಿಗಳು: ಗುರುತಿಸುವ, ಅಣಿಗೊಳಿಸುವ ಮತ್ತು ನಡೆಸುವ ಕ್ರಮ

ನಾರ್ವೆಯ ಉತ್ತರ ಕರಾವಳಿಯಲ್ಲಿ, ಅಂದರೆ ಹೆಲ್ಗೆಲ್ಯಾಂಡ್‌ನಿಂದ ಲೊಫೋಟೆನ್ ದ್ವೀಪಸಾಲನ್ನು ದಾಟಿ ಫಿನ್‌ಮಾರ್ಕ್‌ವರೆಗೆ, ಇಪ್ಪತ್ತನೆಯ ಶತಮಾನದ ಆರಂಭದ ತನಕ ಎರಡು ಬಗೆಯ ಮರದ ನೌಕೆಗಳು ಕರಾವಳಿಯ ಜೀವನವನ್ನು ನಡೆಸುತ್ತಿದ್ದವು. ಮೊದಲನೆಯದು ಡೆಕ್ ಇಲ್ಲದ ತೆರೆದ ಮೀನುಗಾರಿಕೆಯ ದೋಣಿ. ಇದಕ್ಕೆ ನೂರ್‌ಲ್ಯಾಂಡ್ ದೋಣಿ ಎಂದು ಹೆಸರು. ಎರಡನೆಯದು ಒಣಮೀನನ್ನು ದಕ್ಷಿಣದ ಬರ್ಗನ್ ಪಟ್ಟಣಕ್ಕೆ ಒಯ್ಯುತ್ತಿದ್ದ ಅಗಲವಾದ ಸರಕು ಹಡಗು, ಇದು ಯೆಕ್ಟ್. ಈ ದೋಣಿಗಳನ್ನು ವಸ್ತುಸಂಗ್ರಹಾಲಯದಲ್ಲಿ ನೋಡಲು ಹೋಗುವವರಿಗೂ, ಅಲ್ಲಿನ ಕರಾವಳಿ ಸಂಘಗಳ ಜೊತೆ ಸೇರಿ ಒಮ್ಮೆ ಹಾಯಿ ಏರಿಸಿ ನೋಡಬೇಕೆನ್ನುವವರಿಗೂ ನೆರವಾಗುವಂತೆ ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ.

ನೋಡುವ ಮೊದಲು ಈ ದೋಣಿಗಳು ಮಾಡುತ್ತಿದ್ದ ಕೆಲಸ ತಿಳಿದಿರಬೇಕು. ಬ್ಯಾರೆಂಟ್ಸ್ ಸಮುದ್ರದಲ್ಲಿ ಬೆಳೆದ ಕಾಡ್ ಮೀನು ಮೊಟ್ಟೆಯಿಡಲು ಪ್ರತಿ ವರ್ಷ ಜನವರಿಯಿಂದ ಏಪ್ರಿಲ್‌ವರೆಗೆ ಲೊಫೋಟೆನ್‌ನ ಒಳಮೈಯಲ್ಲಿರುವ ವೆಸ್ಟ್‌ಫಿಯೋರ್ಡ್‌ಗೆ ಬರುತ್ತದೆ. ಅದನ್ನು ಹಿಡಿಯಲು ಸಾವಿರಾರು ಜನ ನಡುಚಳಿಗಾಲದಲ್ಲಿ, ಹಗಲೆಂಬುದು ಕೆಲವೇ ಗಂಟೆಗಳಿರುವಾಗ, ತೆರೆದ ದೋಣಿಗಳಲ್ಲಿ ನೂರಾರು ಕಿಲೋಮೀಟರ್ ದೂರದಿಂದ ಬಂದು ಸೇರುತ್ತಿದ್ದರು. ಹಿಡಿದ ಮೀನನ್ನು ಉಪ್ಪು ಹಾಕದೆ ಮರದ ಚೌಕಟ್ಟುಗಳ ಮೇಲೆ ಬಾಲ ಕಟ್ಟಿ ನೇತುಹಾಕಿ, ಬೇಸಿಗೆಯ ಆರಂಭದವರೆಗೆ ಗಾಳಿಗೆ ಒಣಗಿಸಿ, ಆಮೇಲೆ ಯೆಕ್ಟ್‌ಗೆ ತುಂಬುತ್ತಿದ್ದರು. ಹೀಗಾಗಿ ಒಂದು ನೌಕೆ ವೇಗವಾಗಿ ಓಡಬೇಕಿತ್ತು, ಹುಟ್ಟು ಹಾಕಲು ಹಗುರವಾಗಿರಬೇಕಿತ್ತು, ದಡಕ್ಕೆ ಎಳೆಯಲು ಐದಾರು ಜನರ ಕೈಗೆ ಬಗ್ಗಬೇಕಿತ್ತು. ಇನ್ನೊಂದಕ್ಕೆ ಅವಸರವಿರಲಿಲ್ಲ, ಹೊಟ್ಟೆ ದೊಡ್ಡದಾಗಿದ್ದರೆ ಸಾಕಿತ್ತು. ಎರಡರ ನಡುವಿನ ಎಲ್ಲ ವ್ಯತ್ಯಾಸಗಳೂ ಇಲ್ಲಿಂದಲೇ ಹುಟ್ಟುತ್ತವೆ.

ಎಲ್ಲಿ ನೋಡಬೇಕು

ಲೊಫೋಟೆನ್‌ನ ಕಾಬೆಲ್ವೋಗ್ ಬಳಿಯ ಲೊಫೋಟ್ ಮ್ಯೂಸಿಯಂನಲ್ಲಿ ನೂರ್‌ಲ್ಯಾಂಡ್ ದೋಣಿಗಳನ್ನು ದೋಣಿಮನೆಯಲ್ಲಿಯೇ ಇಟ್ಟಿದ್ದಾರೆ. ಟ್ರೋಮ್ಸ್ ಪ್ರಾಂತದ ಗ್ರಾಟಾಂಗೆನ್‌ನಲ್ಲಿ ಇಂಥ ದೋಣಿಗಳ ಸಂಗ್ರಹವೂ ಹಳೆಯ ನೌಕೆಗಳ ಜೀರ್ಣೋದ್ಧಾರ ಕೇಂದ್ರವೂ ಇವೆ. ಯೆಕ್ಟ್ ನೋಡಬೇಕಾದರೆ ಬೂಡೋ ಪಟ್ಟಣಕ್ಕೆ ಹೋಗಬೇಕು. ಕೇವಲ ನೋಡುವುದಲ್ಲದೆ ಕಲಿಯಬೇಕೆಂದಿದ್ದರೆ, 1979ರಲ್ಲಿ ಆರಂಭವಾದ ಕರಾವಳಿ ಸಂಸ್ಕೃತಿಯ ಒಕ್ಕೂಟಕ್ಕೆ ಸೇರಿದ ಸ್ಥಳೀಯ ಸಂಘಗಳನ್ನು ಸಂಪರ್ಕಿಸುವುದು ಉತ್ತಮ. ಅವುಗಳಲ್ಲಿ ಅನೇಕವು ಬೇಸಿಗೆಯಲ್ಲಿ ಹಳೆಯ ದೋಣಿಗಳನ್ನು ನೀರಿಗಿಳಿಸುತ್ತವೆ, ಹೊಸಬರನ್ನು ಹುಟ್ಟಿಗೆ ಕೂರಿಸಲು ಹಿಂಜರಿಯುವುದಿಲ್ಲ. ಹಲಗೆಯ ಮೇಲೆ ಹಲಗೆ ಹೊಂದಿಸಿ ದೋಣಿ ಕಟ್ಟುವ ನಾರ್ಡಿಕ್ ದೇಶಗಳ ಪರಂಪರೆಯನ್ನು ಯುನೆಸ್ಕೊ 2021ರ ಡಿಸೆಂಬರ್‌ನಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಇಂಥ ಚಟುವಟಿಕೆಗಳಿಗೆ ಇನ್ನಷ್ಟು ಮನ್ನಣೆ ದೊರೆತಿದೆ.

ಒಡಲನ್ನು ಓದುವುದು

ದೋಣಿಯ ಮುಂದೆ ನಿಂತ ಕೂಡಲೇ ಕಣ್ಣು ಹೋಗುವುದು ಎರಡೂ ತುದಿಗಳಲ್ಲಿ ಮೇಲಕ್ಕೆದ್ದ ಎತ್ತರದ ಕೊಂಬುಮರಗಳ ಕಡೆಗೆ. ವೈಕಿಂಗ್ ಹಡಗಿನ ನೆನಪು ಬರುವುದು ಸಹಜವೇ, ಆದರೆ ಆ ಹೋಲಿಕೆಯಲ್ಲೇ ನಿಂತುಬಿಟ್ಟರೆ ದೋಣಿ ಕಾಣುವುದಿಲ್ಲ. ಮೊಣಕಾಲೂರಿ ಕುಳಿತು ಅಡಿಮರದ ಮಟ್ಟದಿಂದ ಮೇಲಕ್ಕೆ ನೋಡಬೇಕು. ಅಡಿಮರಕ್ಕೆ ತಾಗಿದ ಮೊದಲ ಹಲಗೆ ನಡುವಿನಲ್ಲಿ ಬಹುಮಟ್ಟಿಗೆ ಮಲಗಿದಂತಿದ್ದು, ತುದಿಗೆ ಹೋಗುತ್ತ ತಿರುಚಿಕೊಂಡು ನೆಟ್ಟಗೆ ನಿಲ್ಲುತ್ತದೆ. ಹಳೆಯ ದೋಣಿಗಳಲ್ಲಿ ಈ ತಿರುಚುವಿಕೆಯನ್ನು ಹಲಗೆ ಬಗ್ಗಿಸಿ ಮಾಡುತ್ತಿರಲಿಲ್ಲ. ದಪ್ಪ ಮರದ ತುಂಡನ್ನು ಕೊಡಲಿಯಿಂದ ಕೆತ್ತಿ ಕೆತ್ತಿ ಆ ಆಕಾರಕ್ಕೆ ತರುತ್ತಿದ್ದರು. ಮುಂತುದಿಯ ಬಳಿ ಒಳಮೈಯನ್ನು ಕೈಯಿಂದ ಸವರಿದರೆ ಕೊಡಲಿಯ ಚಪ್ಪಟೆ ಗುರುತುಗಳು ಸಿಗುತ್ತವೆ. ಸಂಗ್ರಹಾಲಯದವರು ಮುಟ್ಟಲು ಬಿಟ್ಟರೆ ಮಾತ್ರ, ಅಷ್ಟೆ.

ಪ್ರತಿ ಮೇಲಿನ ಹಲಗೆಯೂ ಕೆಳಗಿನದರ ಅಂಚನ್ನು ಹೊರಗಿನಿಂದ ತುಸು ಮುಚ್ಚಿಕೊಂಡಿರುತ್ತದೆ. ಈ ಜೋಡಣೆಯ ಉದ್ದಕ್ಕೂ ಕಬ್ಬಿಣದ ಮೊಳೆಗಳ ಸಾಲಿದ್ದು, ಹೊರಗೆ ತಲೆಯೂ ಒಳಗೆ ಸಣ್ಣ ಚೌಕದ ತಗಡಿನ ಬಿಲ್ಲೆಯೂ ಕಾಣುತ್ತವೆ. ಮೊಳೆಯ ತುದಿಯನ್ನು ಬಿಲ್ಲೆಯ ಮೇಲೆ ಬಡಿದು ಮಡಿಸಿ ಬಿಗಿಮಾಡಲಾಗಿದೆ. ಎರಡು ಹಲಗೆಗಳ ನಡುವೆ ಡಾಂಬರಿನಲ್ಲಿ ಅದ್ದಿದ ಉಣ್ಣೆಯ ಎಳೆ ಇರುತ್ತದೆ. ದೋಣಿ ಕಟ್ಟುವಾಗ ಮೊದಲು ಹಲಗೆಗಳ ಚಿಪ್ಪು ಸಿದ್ಧವಾಗುತ್ತದೆ, ಪಕ್ಕೆಮರಗಳು ಆಮೇಲೆ ಅದರೊಳಗೆ ಕೂರುತ್ತವೆ. ಈ ಅನುಕ್ರಮ ಬಹಳ ಮುಖ್ಯ: ದೋಣಿಯ ಆಕಾರವನ್ನು ನಿರ್ಧರಿಸುವುದು ಹಲಗೆಗಳ ಓರೆ, ಪಕ್ಕೆಮರವಲ್ಲ. ನಕ್ಷೆಯಿಲ್ಲದೆ, ಕಣ್ಣಳತೆ ಮತ್ತು ಕೆಲವೇ ಅಳತೆಗೋಲುಗಳ ನೆರವಿನಿಂದ ಪ್ರತಿ ಹಲಗೆಯ ಓರೆಯನ್ನು ಕಟ್ಟುವವನೇ ತೀರ್ಮಾನಿಸುತ್ತಿದ್ದ. ಆದ್ದರಿಂದಲೇ ಒಬ್ಬನೇ ಕಟ್ಟಿದ ಎರಡು ದೋಣಿಗಳೂ ನೀರಿನಲ್ಲಿ ಒಂದೇ ರೀತಿ ನಡೆಯುತ್ತಿರಲಿಲ್ಲ.

ಮರದ ಜಾತಿಯನ್ನು ನೋಡಿದರೆ ದೋಣಿಯ ತವರು ಊಹೆಗೆ ಸಿಗುತ್ತದೆ. ಮೀನು ಹಿಡಿಯುವ ಹೊರದ್ವೀಪಗಳಲ್ಲಿ ಹಲಗೆಗೆ ಆಗುವ ಮರವೇ ಬೆಳೆಯುವುದಿಲ್ಲ. ದೋಣಿಗಳು ತಯಾರಾಗುತ್ತಿದ್ದದ್ದು ಫಿಯೋರ್ಡ್‌ಗಳ, ಅಂದರೆ ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ಕಡಲತೋಳುಗಳ, ಒಳತುದಿಯಲ್ಲಿ, ರಾನಾ, ಬಿಂಡಾಲ್, ಸಾಲ್ಟ್‌ಡಾಲ್ ಮುಂತಾದ ಕಾಡಿನ ಕಣಿವೆಗಳಲ್ಲಿ. ಸಾಲ್ಟ್‌ಫಿಯೆಲ್ ಬೆಟ್ಟಸಾಲಿನ ದಕ್ಷಿಣಕ್ಕೆ ಸ್ಪ್ರೂಸ್ ಮರ ತಾನಾಗಿ ಬೆಳೆಯುತ್ತದೆ. ಅದರ ಉತ್ತರಕ್ಕೆ ಪೈನ್ ಮರವೇ ಆಧಾರ. ಸ್ಪ್ರೂಸ್ ಹಗುರ, ಪೈನ್ ಹೆಚ್ಚು ಬಾಳಿಕೆಯದು. ಕೃಷಿಕರು ಚಳಿಗಾಲದಲ್ಲಿ ಮರ ಕಡಿದು ದೋಣಿ ಕಟ್ಟಿ, ಬೇಸಿಗೆಯಲ್ಲಿ ಡೊನ್ನಾ ದ್ವೀಪದ ಬಿಯೋರ್ನ್ ಸಂತೆಯಂತಹ ಕಡೆ ದ್ವೀಪದವರಿಗೆ ಮಾರುತ್ತಿದ್ದರು. ಪಕ್ಕೆಮರಗಳಿಗೆ ಸಹಜವಾಗಿಯೇ ಬಾಗಿ ಬೆಳೆದ ಬೇರು ಮತ್ತು ಕೊಂಬೆಗಳನ್ನು ಹುಡುಕಿ ತರುತ್ತಿದ್ದರು. ನೇರ ಮರವನ್ನು ಬಾಗಿಸಿ ಕತ್ತರಿಸಿದರೆ ನಾರು ತುಂಡಾಗಿ ಬಲ ಹೋಗುತ್ತದೆ.

ಕೋಣೆಗಳಿಂದ ಗಾತ್ರವನ್ನು ಗುರುತಿಸುವುದು

ದೋಣಿಯ ಉದ್ದವನ್ನು ಅಡಿಗಳಲ್ಲಿ ಅಳೆಯುವ ಬದಲು ಅದರ ಕೋಣೆಗಳನ್ನು ಎಣಿಸುವುದೇ ಅಲ್ಲಿನ ರೂಢಿ. ಕೋಣೆ ಎಂದರೆ ಗೋಡೆ ಇರುವ ಜಾಗವಲ್ಲ, ಒಂದು ಪಕ್ಕೆಮರದಿಂದ ಇನ್ನೊಂದಕ್ಕೆ ಇರುವ ಅಂತರ. ಮೂರೂವರೆ ಕೋಣೆಯ ದೋಣಿ, ನಾಲ್ಕು ಕೋಣೆಯ ದೋಣಿ ಎಂಬ ಹೆಸರುಗಳೇ ಇವೆ. ಅತಿ ಚಿಕ್ಕದು ಎರಡು ಜೋಡಿ ಹುಟ್ಟುಗಳ ಫೇರಿಂಗ್. ಸುಮಾರು ಐದು ಮೀಟರ್ ಉದ್ದದ ಇದನ್ನು ಮನೆಯ ಹತ್ತಿರದ ಮೀನುಗಾರಿಕೆಗೂ, ಚರ್ಚಿಗೆ ಹೋಗಲೂ, ಕುರಿಗಳನ್ನು ಸಣ್ಣ ದ್ವೀಪಗಳಿಗೆ ಸಾಗಿಸಲೂ ಬಳಸುತ್ತಿದ್ದರು. ಅದಕ್ಕಿಂತ ದೊಡ್ಡದು ಮೂರು ಜೋಡಿ ಹುಟ್ಟುಗಳ ಸೆಕ್ಸ್‌ರಿಂಗ್. ಲೊಫೋಟೆನ್‌ಗೆ ಹೋಗುತ್ತಿದ್ದ ದೊಡ್ಡ ದೋಣಿಗಳು ಓಟ್ರಿಂಗ್ ಮತ್ತು ಫೆಂಬೋರಿಂಗ್. ಎಲ್ಲಕ್ಕಿಂತ ದೊಡ್ಡದಾದ ಫೆಂಬೋರಿಂಗ್ ಹನ್ನೊಂದರಿಂದ ಹದಿಮೂರು ಮೀಟರ್ ಉದ್ದವಿದ್ದು, ಅದರ ಹಿಂತುದಿಯಲ್ಲಿ ಬೇಕೆಂದಾಗ ಕೂರಿಸಿ ಬೇಡವೆಂದಾಗ ಎತ್ತಿ ತೆಗೆಯಬಹುದಾದ ಸಣ್ಣ ಮರದ ಗೂಡೊಂದು ಇರುತ್ತದೆ. ದೂರದ ಪ್ರಯಾಣದಲ್ಲಿ ತಂಡ ಅದರಲ್ಲಿ ಮಲಗುತ್ತಿತ್ತು; ಮೀನು ಹಿಡಿಯುವ ದಿನಗಳಲ್ಲಿ ಅದನ್ನು ದಡದಲ್ಲಿ ಬಿಡುತ್ತಿದ್ದರು.

ಒಳಗೆ ಇಣುಕಿ ನೋಡುವಾಗ ಪ್ರತಿ ಕೋಣೆಯ ಕೆಲಸವನ್ನು ಗುರುತಿಸಲು ಪ್ರಯತ್ನಿಸಬೇಕು. ಹಾಯಿಕಂಬದ ತಳ ಕೂರುವ ಗೂಡು ಎಲ್ಲಿದೆ, ಬಲೆ ಮತ್ತು ಮೀನು ತುಂಬುವ ಅಗಲವಾದ ಜಾಗ ಯಾವುದು, ನಾಯಕ ಕೂರುವ ಹಿಂಬದಿಯ ಹಲಗೆ ಎಲ್ಲಿದೆ ಎಂಬುದನ್ನು ಕಂಡುಕೊಂಡರೆ ಐದಾರು ಜನ ಒಬ್ಬರ ಕಾಲು ಒಬ್ಬರು ತುಳಿಯದೆ ಹೇಗೆ ಕೆಲಸ ಮಾಡುತ್ತಿದ್ದರು ಎಂಬುದು ತಿಳಿಯುತ್ತದೆ. ಒಂದು ಕೋಣೆಯಲ್ಲಿ ಮಾತ್ರ ನೆಲಹಲಗೆಗಳನ್ನು ಎತ್ತಲು ಸುಲಭವಾಗಿ ಇಟ್ಟಿರುತ್ತಾರೆ. ಅದು ನೀರು ಮೊಗೆಯುವ ಕೋಣೆ. ಒಂದೇ ಮರದ ತುಂಡಿನಿಂದ ಕೊರೆದ ಹಿಡಿಯುಳ್ಳ ಮೊಗೆ ಅಲ್ಲೇ ಇರಬೇಕು, ಬೇರೆಲ್ಲೂ ಅಲ್ಲ. ಕತ್ತಲಲ್ಲಿ ಕೈ ಚಾಚಿದರೆ ಸಿಗಬೇಕಾದ ವಸ್ತು ಅದು.

ನೀರಿಗಿಳಿಸುವ ಮುನ್ನ

ಚಳಿಗಾಲವಿಡೀ ದೋಣಿಮನೆಯಲ್ಲಿ ಒಣಗಿದ ದೋಣಿಯನ್ನು ನೇರವಾಗಿ ನೀರಿಗೆ ತಳ್ಳಿದರೆ ಪ್ರತಿ ಜೋಡಣೆಯಿಂದಲೂ ನೀರು ಒಳಗೆ ಬರುತ್ತದೆ. ಇದು ದೋಷವಲ್ಲ, ಮರ ಒಣಗಿ ಕುಗ್ಗಿರುತ್ತದೆ, ನೀರು ಕುಡಿದು ಮತ್ತೆ ಉಬ್ಬಬೇಕು. ಆಳವಿಲ್ಲದ ಶಾಂತ ಜಾಗದಲ್ಲಿ ದೋಣಿಯನ್ನು ಕಟ್ಟಿ, ಅರ್ಧ ನೀರು ತುಂಬಿಸಿ, ಜೋಡಣೆಗಳು ಬಿಗಿಯಾಗುವ ತನಕ ಒಂದೆರಡು ದಿನ ಬಿಡಬೇಕು. ಸೋರುವ ಕಡೆಯಲ್ಲೆಲ್ಲ ಅವಸರದಲ್ಲಿ ಆಧುನಿಕ ಅಂಟು ತುಂಬಿಸುವುದು ಹೊಸಬರು ಮಾಡುವ ದೊಡ್ಡ ಅನಾಹುತ. ಹಲಗೆ ಉಬ್ಬಿದಾಗ ಆ ಗಟ್ಟಿಯಾದ ಅಂಟು ಬಗ್ಗದೆ ಹಲಗೆಯ ಅಂಚನ್ನೇ ಒತ್ತಿ ಸೀಳುತ್ತದೆ.

ಡಾಂಬರು ಬಳಿಯುವ ಕೆಲಸ ದೋಣಿ ಒಣಗಿರುವಾಗಲೇ ಆಗಬೇಕು. ಇಲ್ಲಿ ಡಾಂಬರು ಎಂದರೆ ರಸ್ತೆಯದಲ್ಲ, ಪೈನ್ ಬೇರುಗಳನ್ನು ಗಾಳಿಯಾಡದ ಗೂಡಿನಲ್ಲಿ ನಿಧಾನವಾಗಿ ಸುಟ್ಟು ಇಳಿಸಿದ ಕಂದುಬಣ್ಣದ ಮರದೆಣ್ಣೆ. ಬಿಸಿಲಿನ ದಿನವನ್ನು ಆರಿಸಿ, ಡಾಂಬರನ್ನು ನೀರಿನ ಪಾತ್ರೆಯೊಳಗಿಟ್ಟು ಬೆಚ್ಚಗೆ ಮಾಡಿ, ಬೇಕಿದ್ದರೆ ಅಗಸೆ ಎಣ್ಣೆ ಬೆರೆಸಿ, ತೆಳ್ಳಗೆ ಬಳಿಯಬೇಕು. ನೇರ ಬೆಂಕಿಯ ಮೇಲೆ ಇಡಲೇಬಾರದು, ಹೊತ್ತಿಕೊಳ್ಳುತ್ತದೆ. ದಪ್ಪವಾಗಿ ಬಳಿದರೆ ಹೆಚ್ಚು ರಕ್ಷಣೆ ಎಂಬ ಎಣಿಕೆಯೂ ತಪ್ಪು. ಮರ ಹೀರದ ಡಾಂಬರು ಮೇಲೆಯೇ ಅಂಟಂಟಾಗಿ ಉಳಿದು ಬೇಸಿಗೆಯೆಲ್ಲ ಬಟ್ಟೆ ಹಾಳುಮಾಡುತ್ತದೆ. ಹಲಗೆಯ ಕೊನೆಗಳು ಮತ್ತು ಪಕ್ಕೆಮರದ ಅಡಿಯ ಸಂದುಗಳಿಗೆ ಮಾತ್ರ ಎರಡನೆಯ ಸಲ ಕೊಡಬೇಕು, ಕೊಳೆ ಶುರುವಾಗುವುದು ಅಲ್ಲಿಂದ.

ತಳದ ಹಲಗೆಯಲ್ಲಿ ನೀರು ಹೊರಬಿಡುವ ಒಂದು ಸಣ್ಣ ತೂತು ಮತ್ತು ಅದಕ್ಕೊಂದು ಮರದ ಬೆಣೆ ಇರುತ್ತದೆ. ದೋಣಿಯನ್ನು ದಡಕ್ಕೆಳೆದಾಗ ಮಳೆನೀರು ನಿಲ್ಲದಿರಲೆಂದು ಬೆಣೆ ತೆಗೆದಿರುತ್ತಾರೆ. ನೀರಿಗಿಳಿಸುವ ಮೊದಲು ಅದನ್ನು ಬಡಿದು ಕೂರಿಸಿದ್ದೇವೆಯೇ ಎಂದು ನಾಯಕನೇ ಸ್ವತಃ ಬಗ್ಗಿ ನೋಡುವುದು ಲೇಸು.

ಖಾಲಿ ದೋಣಿ ನೀರಿನ ಮೇಲೆ ಚಂಚಲವಾಗಿರುತ್ತದೆ. ಕೆಳಗೆ ಕಿರಿದಾಗಿ ಮೇಲೆ ಅಗಲವಾಗುವ ಒಡಲಿನ ಗುಣವೇ ಅದು: ಮೊದಲು ಸುಲಭವಾಗಿ ವಾಲುತ್ತದೆ, ಅಗಲದ ಭಾಗ ನೀರಿಗೆ ತಾಗಿದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಮೀನಿನ ಹೊರೆ ಇಲ್ಲದಾಗ ಕಲ್ಲುಗಳನ್ನು ತುಂಬುತ್ತಿದ್ದರು. ದುಂಡನೆಯ ಕಲ್ಲಿಗಿಂತ ಚಪ್ಪಟೆ ಕಲ್ಲು ಉತ್ತಮ. ಅಡಿಮರದ ಇಕ್ಕೆಲಗಳಲ್ಲಿ, ಕಂಬದ ಆಸುಪಾಸಿನ ಕೋಣೆಗಳಲ್ಲಿ, ನೆಲಹಲಗೆಯ ಕೆಳಗೆ ಅವುಗಳನ್ನು ಅಲುಗದಂತೆ ಒತ್ತಾಗಿ ಜೋಡಿಸಬೇಕು. ನೀರು ಮೊಗೆಯುವ ಕೋಣೆಯಲ್ಲಿ ಒಂದನ್ನೂ ಇಡಬಾರದು. ವಾಲಿದ ದೋಣಿಯಲ್ಲಿ ಕಲ್ಲು ಜಾರಿದರೆ ಅದು ಮೇಲೇಳುವುದಿಲ್ಲ.

ಇಂದಿನ ನಿಯಮಗಳನ್ನೂ ಮರೆಯುವಂತಿಲ್ಲ. ನಾರ್ವೆಯಲ್ಲಿ 2015ರಿಂದ, ಎಂಟು ಮೀಟರ್‌ಗಿಂತ ಚಿಕ್ಕದಾದ ವಿಹಾರದೋಣಿ ಚಲಿಸುತ್ತಿರುವಾಗ ಹೊರಗೆ ಇರುವ ಪ್ರತಿಯೊಬ್ಬರೂ ತೇಲುಕವಚ ಧರಿಸಿರಲೇಬೇಕು. ದೊಡ್ಡ ದೋಣಿಗಳಿಗೆ ಕಾನೂನಿನ ಒತ್ತಾಯ ಇಲ್ಲದಿದ್ದರೂ ಧರಿಸದೆ ಹೋಗುವುದು ಮೂರ್ಖತನ. ಸಮುದ್ರದ ತುರ್ತು ನೆರವಿಗೆ 120 ಸಂಖ್ಯೆಗೆ ಕರೆ ಮಾಡಬೇಕು, ರೇಡಿಯೊ ಇದ್ದರೆ 16ನೆಯ ಚಾನೆಲ್ ಬಳಸಬೇಕು. ಹಳೆಯವರಿಗೆ ಇದ್ದದ್ದು ಮೀನೆಣ್ಣೆ ತಿಕ್ಕಿದ ಚರ್ಮದ ಉಡುಪು ಮತ್ತು ದಪ್ಪ ಉಣ್ಣೆಯ ಕೈಗವಸು. ಆ ಕೈಗವಸನ್ನು ಕೈಗಿಂತ ಬಹಳ ದೊಡ್ಡದಾಗಿ ಹೆಣೆದು, ನೀರಿನಲ್ಲಿ ತಿಕ್ಕಿ ತಿಕ್ಕಿ ಕುಗ್ಗಿಸಿ ಕಂಬಳಿಯಂತೆ ಗಟ್ಟಿಮಾಡುತ್ತಿದ್ದರು. ಕೆಲಸ ಶುರುಮಾಡುವ ಮುನ್ನ ಅದನ್ನು ಸಮುದ್ರದ ನೀರಿನಲ್ಲಿ ಅದ್ದಿ ಹಿಂಡಿ ಹಾಕಿಕೊಳ್ಳುತ್ತಿದ್ದರು; ಒದ್ದೆ ಉಣ್ಣೆಯೂ ಬೆಚ್ಚಗಿರುತ್ತದೆ, ಹುಟ್ಟಿನ ಹಿಡಿಯ ಮೇಲೆ ಜಾರುವುದೂ ಇಲ್ಲ.

ಹುಟ್ಟು ಹಾಕುವುದು

ಒಬ್ಬೊಬ್ಬರಿಗೆ ಒಂದೊಂದು ಜೋಡಿ ಹುಟ್ಟು. ದೋಣಿಯ ಅಂಚಿನಲ್ಲಿ ಕೊಕ್ಕೆಯಂತೆ ಬೆಳೆದ ಮರದ ಗೂಟವಿದ್ದು, ಹಗ್ಗದ ಬಳೆಯೊಂದು ಹುಟ್ಟನ್ನು ಅದಕ್ಕೆ ಹಿಡಿದಿಡುತ್ತದೆ. ಬಲೆ ಎಳೆಯುವಾಗ ಹುಟ್ಟು ಕೈಬಿಟ್ಟರೂ ಅದು ನೀರಿಗೆ ಹೋಗದೆ ದೋಣಿಯ ಪಕ್ಕದಲ್ಲೇ ತೇಲುತ್ತಿರುತ್ತದೆ ಎಂಬುದು ಈ ಬಳೆಯ ಉಪಯೋಗ. ಹುಟ್ಟಿನ ಅಲಗು ಬಹಳ ಕಿರಿದು. ತೆರೆಯ ಸಮುದ್ರದಲ್ಲಿ ದಿನವಿಡೀ ಹಾಕಲು ಅದೇ ಸೂಕ್ತ. ಆದ್ದರಿಂದ ಕೊಳದ ದೋಣಿಯಲ್ಲಿ ಮಾಡುವಂತೆ ಉದ್ದವಾಗಿ ಎಳೆಯದೆ, ಗಿಡ್ಡದಾಗಿ, ಚುರುಕಾಗಿ, ಎಲ್ಲರೂ ಒಂದೇ ಲಯದಲ್ಲಿ ಎಳೆಯಬೇಕು. ಲಯವನ್ನು ನಿರ್ಧರಿಸುವುದು ಹಿಂಬದಿಗೆ ಅತಿ ಹತ್ತಿರ ಕೂತವನು, ಯಾಕೆಂದರೆ ಎಲ್ಲರೂ ಹಿಂದಕ್ಕೆ ಮುಖಮಾಡಿ ಕೂರುವುದರಿಂದ ಎಲ್ಲರಿಗೂ ಕಾಣುವುದು ಅವನ ಬೆನ್ನೇ.

ಹಾಯಿ ಏರಿಸುವುದು, ನಡೆಸುವುದು

ದೋಣಿಗಿರುವುದು ಒಂದೇ ಕಂಬ, ಅದಕ್ಕೊಂದೇ ಅಡ್ಡಮರ, ಅದರಿಂದ ಇಳಿಬಿದ್ದ ಎತ್ತರವಾದ, ಮೇಲೆ ಕಿರಿದಾಗಿ ಕೆಳಗೆ ಅಗಲವಾದ ಒಂದು ಹಾಯಿ. ಹಿಂದೆ ಇದನ್ನು ಮನೆಯಲ್ಲೇ ನೇಯ್ದ ಉಣ್ಣೆಯ ಬಟ್ಟೆಯಿಂದ ಹೊಲಿಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ನಾರುಬಟ್ಟೆ ಮತ್ತು ಹತ್ತಿ ಅದರ ಜಾಗ ಹಿಡಿದವು. ಹಾಯಿಯ ಎರಡು ಕೆಳಮೂಲೆಗಳಲ್ಲಿ ಒಂದು ಗಾಳಿ ಬರುವ ಕಡೆಯ ಅಂಚಿಗೆ ಕಟ್ಟಿರುತ್ತದೆ, ಇನ್ನೊಂದರ ಹಗ್ಗ ಒಬ್ಬನ ಕೈಯಲ್ಲಿರುತ್ತದೆ. ಆ ಹಗ್ಗವನ್ನು ಯಾವ ಕಾರಣಕ್ಕೂ ಗಂಟು ಹಾಕಬಾರದು. ಬೆಟ್ಟಗಳ ಸಂದಿನಿಂದ ಫಿಯೋರ್ಡ್‌ಗೆ ಬಂದೆರಗುವ ಗಾಳಿ ಮುನ್ಸೂಚನೆ ಕೊಡುವುದಿಲ್ಲ; ಗಂಟು ಬಿಚ್ಚುವಷ್ಟರಲ್ಲಿ ದೋಣಿ ಮಗುಚಿರುತ್ತದೆ. ಗೂಟಕ್ಕೆ ಒಂದು ಸುತ್ತು ಹಾಕಿ ಕೈಯಲ್ಲಿ ಹಿಡಿದಿರಬೇಕು, ಅಷ್ಟೆ.

ಅಡ್ಡಮರವನ್ನು ಏರಿಸುವ ಹಗ್ಗಕ್ಕೂ ಇದೇ ನಿಯಮ. ಏರಿಸಿದ ಮೇಲೆ ಅದನ್ನು ಕಂಬದಿಂದ ಹಿಂದಕ್ಕೆ, ಗಾಳಿಯ ಕಡೆಯ ಅಂಚಿಗೆ ತಂದು ಸುತ್ತುವುದರಿಂದ ಅದು ಕಂಬಕ್ಕೆ ಆಧಾರವೂ ಆಗುತ್ತದೆ. ಅದರ ಬಳಿ ಒಬ್ಬ ಸದಾ ಕೂತಿರಬೇಕು, ಹಗ್ಗದ ಉಳಿದ ಭಾಗ ಸಿಕ್ಕುಗಳಿಲ್ಲದೆ ಕಾಲಿನಿಂದ ದೂರ ಸುತ್ತಿಟ್ಟಿರಬೇಕು. ಗಾಳಿ ಹೆಚ್ಚಾದಾಗ ಅಡ್ಡಮರವನ್ನು ಅರ್ಧಕ್ಕೆ ಇಳಿಸುವುದು ಮೊದಲ ಉಪಾಯ. ಗಾಳಿ ಬಿಡದೆ ಬೀಸುವುದೆಂದು ಖಚಿತವಾದರೆ ಹಾಯಿಯನ್ನು ಇಳಿಸಿ, ಕೆಳಭಾಗವನ್ನು ಮಡಿಸಿ ಸಣ್ಣ ಹಗ್ಗಗಳಿಂದ ಕಟ್ಟಿ, ಚಿಕ್ಕದಾದ ಹಾಯಿಯನ್ನು ಮತ್ತೆ ಏರಿಸಬೇಕು. ಮಡಿಸಬೇಕೇ ಬೇಡವೇ ಎಂಬ ಯೋಚನೆ ತಲೆಗೆ ಬಂದಾಗಲೇ ಮಡಿಸಿಬಿಡುವುದು ಒಳ್ಳೆಯದು.

ಚುಕ್ಕಾಣಿ ಹಿಡಿಯುವುದು ಹೊಸಬರಿಗೆ ವಿಚಿತ್ರವೆನಿಸುತ್ತದೆ. ಹಿಂಬದಿಯ ಕೊಂಬುಮರ ಎತ್ತರವಾಗಿರುವುದರಿಂದ ಸಾಮಾನ್ಯ ದೋಣಿಯಂತೆ ಹಿಡಿಕೋಲನ್ನು ಅದರ ಮೇಲಿಂದ ಒಳಕ್ಕೆ ತರಲಾಗುವುದಿಲ್ಲ. ಚುಕ್ಕಾಣಿಯ ತಲೆಗೆ ಪಕ್ಕಕ್ಕೆ ಚಾಚಿದ ಗಿಡ್ಡ ತೋಳೊಂದಿದ್ದು, ಅದರ ತುದಿಗೆ ಉದ್ದನೆಯ ಕೋಲು ಸಡಿಲವಾಗಿ ಸೇರಿರುತ್ತದೆ. ನಾಯಕ ಆ ಕೋಲನ್ನು ಮುಂದಕ್ಕೆ ನೂಕುತ್ತಾನೆ ಅಥವಾ ಹಿಂದಕ್ಕೆ ಎಳೆಯುತ್ತಾನೆ. ನೂಕಿದರೆ ದೋಣಿ ಯಾವ ಕಡೆ ತಿರುಗುತ್ತದೆ ಎಂಬುದು ತೋಳು ಯಾವ ಪಕ್ಕದಲ್ಲಿದೆ ಎಂಬುದರ ಮೇಲೆ ನಿಂತಿರುವುದರಿಂದ, ದಡ ಬಿಡುವ ಮೊದಲೇ ಶಾಂತ ನೀರಿನಲ್ಲಿ ಕೈಗೆ ಅದನ್ನು ಕಲಿಸಬೇಕು. ತಲೆಯಲ್ಲಿ ಲೆಕ್ಕ ಹಾಕಿ ತಿರುಗಿಸುವವನು ಅಲೆಯ ಮುಂದೆ ತಡವಾಗುತ್ತಾನೆ.

ಗಾಳಿ ಹಿಂದಿನಿಂದ ಅಥವಾ ಓರೆಯಾಗಿ ಬರುವಾಗ ಈ ದೋಣಿಗೆ ಸಾಟಿಯಿಲ್ಲ. ಗಾಳಿಗೆ ಎದುರಾಗಿ ಏರುವುದು ಕಷ್ಟ, ಆದರೆ ಆಗದ ಕೆಲಸವಲ್ಲ. ಆಗ ಹಾಯಿಯ ಗಾಳಿಬದಿಯ ಮೂಲೆಯನ್ನು ಆದಷ್ಟು ಮುಂದಕ್ಕೆ ತಂದು ಕಟ್ಟಿ, ಅದೇ ಅಂಚಿನ ನಡುಭಾಗಕ್ಕೆ ಹಾಕಿದ ಹಗ್ಗವನ್ನು ಮುಂತುದಿಯ ಕಡೆಗೆ ಬಿಗಿಯಾಗಿ ಎಳೆಯಬೇಕು. ಇಲ್ಲದಿದ್ದರೆ ಅಂಚು ಒಳಕ್ಕೆ ಮಡಿಸಿಕೊಂಡು ಹಾಯಿ ಬಡಿದುಕೊಳ್ಳುತ್ತದೆ. ದಿಕ್ಕು ಬದಲಿಸುವಾಗ ಮೊದಲು ಒಳ್ಳೆಯ ವೇಗ ಬರಿಸಿಕೊಂಡು, ಚುಕ್ಕಾಣಿಯನ್ನು ಒಮ್ಮೆಲೇ ತಿರುಗಿಸದೆ ಮೆಲ್ಲಗೆ ತಿರುಗಿಸಬೇಕು. ಮುಂತುದಿ ಗಾಳಿಗೆ ನೇರವಾದಾಗ ಗಾಳಿ ಹಾಯಿಯ ಮುಂಭಾಗಕ್ಕೆ ತಾಗಿ ಮುಂತುದಿಯನ್ನು ಆಚೆಗೆ ನೂಕುತ್ತದೆ. ಆ ಕ್ಷಣದಲ್ಲಿ ಕೈ ತಡೆದು ಕಾಯಬೇಕು. ಮುಂತುದಿ ಗಾಳಿಯನ್ನು ದಾಟಿದ್ದು ಕಂಡ ಮೇಲೆಯೇ ಅಡ್ಡಮರವನ್ನು ತಿರುಗಿಸಿ, ಮೂಲೆಗಳನ್ನು ಅದಲುಬದಲು ಮಾಡಿ ಕಟ್ಟಬೇಕು. ಈ ನಡುವೆ ದೋಣಿ ಹಿಂದಕ್ಕೆ ಜಾರತೊಡಗಿದರೆ ಚುಕ್ಕಾಣಿಯನ್ನು ವಿರುದ್ಧ ದಿಕ್ಕಿಗೆ ಹಿಡಿಯಬೇಕಾಗುತ್ತದೆ. ಅಲೆಗಳು ದೊಡ್ಡದಿದ್ದರೆ ಈ ಸಾಹಸ ಬೇಡ. ಗಾಳಿಗೆ ಬೆನ್ನು ಕೊಟ್ಟು ಸುತ್ತಿ ಬರುವುದರಿಂದ ಸ್ವಲ್ಪ ದೂರ ಕಳೆದುಕೊಂಡರೂ ದೋಣಿ ಉಳಿಯುತ್ತದೆ.

ಬಿರುಗಾಳಿಯಲ್ಲಿ ಹಿಂದಿನಿಂದ ಬರುವ ಅಲೆಯೇ ದೊಡ್ಡ ಅಪಾಯ. ಅಲೆಯ ತಲೆಯ ಮೇಲೆ ದೋಣಿ ಅಡ್ಡ ತಿರುಗಿದರೆ ಮಗುಚುತ್ತದೆ. ಇದಕ್ಕಾಗಿ ನಾಯಕ ಮುಂದೆ ನೋಡುವುದಕ್ಕಿಂತ ಹಿಂದೆ ನೋಡುವುದೇ ಹೆಚ್ಚು. ಏರುಹಗ್ಗದವನು ನಾಯಕನ ಮುಖವನ್ನೇ ನೋಡುತ್ತಿರುತ್ತಾನೆ, ಸನ್ನೆಯಾದ ಕೂಡಲೇ ಹಾಯಿಯನ್ನು ಇಳಿಸುತ್ತಾನೆ, ಅಲೆ ದಾಟಿದ ಮೇಲೆ ಮತ್ತೆ ಏರಿಸುತ್ತಾನೆ. ಇಷ್ಟೆಲ್ಲ ಇದ್ದೂ 1849ರ ಫೆಬ್ರವರಿಯ ಒಂದೇ ಬಿರುಗಾಳಿಯಲ್ಲಿ ಲೊಫೋಟೆನ್‌ನ ನೂರಾರು ಮೀನುಗಾರರು ಸತ್ತರು. ಮಗುಚಿದ ದೋಣಿಯ ಜಾರುವ ಬೆನ್ನಿಗೆ ಏರಿದವರು ಸೊಂಟದ ಚಾಕುವನ್ನು ಹಲಗೆಗೆ ಚುಚ್ಚಿ ಹಿಡಿದುಕೊಳ್ಳುತ್ತಿದ್ದರು. ಖಾಲಿ ದೋಣಿ ತೇಲಿಬಂದಾಗ ಅದರಲ್ಲಿ ಉಳಿದ ಚಾಕುಗಳನ್ನು ನೋಡಿ ಯಾರು ಸತ್ತರೆಂದು ಊರಿನವರು ತಿಳಿಯುತ್ತಿದ್ದರು. ಅರ್ಧ ದೋಣಿಯಲ್ಲಿ ಹರಿದ ಹಾಯಿ ಕಟ್ಟಿಕೊಂಡು ಬರುವ ದ್ರೌಗ್ ಎಂಬ ಮುಳುಗಿ ಸತ್ತವನ ಭೂತದ ಕಥೆಗಳು ಈ ಕರಾವಳಿಯಲ್ಲಿ ಇಷ್ಟೊಂದು ಇರುವುದು ಆಶ್ಚರ್ಯವಲ್ಲ.

ದಡಕ್ಕೆ ಬರುವಾಗ ಹಾಯಿಯನ್ನು ಬೇಗನೆ ಇಳಿಸಿ ಹುಟ್ಟಿನಿಂದಲೇ ಬರಬೇಕು. ಮರದ ದಿಮ್ಮಿಗಳನ್ನು ಅಡ್ಡಡ್ಡ ಹಾಕಿ, ಕಲ್ಲು ಮತ್ತು ಮೀನನ್ನು ಮೊದಲು ಇಳಿಸಿ, ಅಡಿಮರದ ಮೇಲೆಯೇ ಭಾರ ಬೀಳುವಂತೆ ನೆಟ್ಟಗೆ ಹಿಡಿದು ಎಳೆಯಬೇಕು. ಉಪ್ಪುನೀರು ಮರವನ್ನು ಕಾಯುತ್ತದೆ, ಮಳೆನೀರು ಕೊಳೆಸುತ್ತದೆ. ಆದ್ದರಿಂದ ಒಳಗೆ ನಿಂತ ಮಳೆನೀರನ್ನು ಹೊರಹಾಕುವುದು, ಗಾಳಿಯಾಡುವ ದೋಣಿಮನೆಯಲ್ಲಿ ಮಣ್ಣಿನ ನೆಲದ ಮೇಲೆ ಇಡುವುದು ಮುಖ್ಯ. ಬಿಸಿಮಾಡಿದ ಕಟ್ಟಡದೊಳಗೆ ಇಟ್ಟ ದೋಣಿ ನೋಡಲು ಚೆಂದ, ಆದರೆ ಅದರ ಹಲಗೆಗಳು ಒಣಗಿ ಸೀಳುತ್ತವೆ.

ಯೆಕ್ಟ್ ನೋಡುವಾಗ

ಯೆಕ್ಟ್‌ನ್ನು ನಡೆಸುವ ಅವಕಾಶ ಸಾಮಾನ್ಯರಿಗೆ ಸಿಗುವುದಿಲ್ಲ, ಆದ್ದರಿಂದ ಇಲ್ಲಿ ನೋಡುವ ಕ್ರಮವನ್ನಷ್ಟೇ ಹೇಳಬಹುದು. ಬೂಡೋದಲ್ಲಿ 2019ರಲ್ಲಿ ತೆರೆದ ಯೆಕ್ಟ್ ವಸ್ತುಸಂಗ್ರಹಾಲಯದ ಒಳಗೆ 1876ರಲ್ಲಿ ಕಟ್ಟಿದ ಆನಾ ಕರೊಲಿನೆ ನಿಂತಿದೆ. ಮೊದಲು ಅದರ ಹಿಂಭಾಗಕ್ಕೆ ಹೋಗಬೇಕು. ಮೀನುಗಾರಿಕೆಯ ದೋಣಿ ಎರಡೂ ಕಡೆ ಚೂಪಾಗಿದ್ದರೆ, ಯೆಕ್ಟ್‌ನ ಹಿಂಭಾಗ ಅಗಲವಾದ ಗೋಡೆಯಂತೆ ಕತ್ತರಿಸಿದಂತಿದೆ. ಅದರ ಹಿಂದಿನ ಕೋಣೆಯಲ್ಲಿ ಯಜಮಾನನ ವಾಸ. ಹೊಟ್ಟೆಯ ಅಗಲವನ್ನು ನೋಡಿದರೆ ಹೊರೆಯ ಸ್ವಭಾವ ತಿಳಿಯುತ್ತದೆ. ಒಣಮೀನು ಗಾತ್ರದಲ್ಲಿ ದೊಡ್ಡದು, ತೂಕದಲ್ಲಿ ಹಗುರ. ಒಳಗೆ ತುಂಬಿದ ಮೇಲೂ ಡೆಕ್‌ನ ಮೇಲೆ, ಕಂಬದ ಸುತ್ತ, ಬಹಳ ಎತ್ತರಕ್ಕೆ ಕಟ್ಟುಗಳನ್ನು ಪೇರಿಸಿ, ಪಕ್ಕಗಳಿಗೆ ಹಲಗೆ ನಿಲ್ಲಿಸಿ ತಡೆಯುತ್ತಿದ್ದರು. ಅಂಥ ಹೊರೆ ಹೊತ್ತ ಹಡಗು ಗಾಳಿಗೆದುರು ಹೋಗಲಾರದು. ಅನುಕೂಲವಾದ ಗಾಳಿಗಾಗಿ ಬಂದರಿನಲ್ಲಿ ದಿನಗಟ್ಟಲೆ ಕಾಯುವುದೂ ಪ್ರಯಾಣದ ಭಾಗವೇ ಆಗಿತ್ತು, ಬರ್ಗನ್‌ಗೆ ಹೋಗಿ ಬರಲು ವಾರಗಳೇ ಹಿಡಿಯುತ್ತಿದ್ದವು.

ಕಂಬದ ಬುಡದಲ್ಲಿ ನಿಂತು ಮೇಲೆ ನೋಡಿದರೆ ಹಾಯಿಯ ಅಗಾಧತೆ ಗೊತ್ತಾಗುತ್ತದೆ. ಇಲ್ಲಿ ಹಾಯಿಯ ಕೆಳಭಾಗವನ್ನು ಮಡಿಸುವ ಬದಲು, ಪಟ್ಟಿಗಳಾಗಿ ಬಿಚ್ಚಿ ತೆಗೆಯುತ್ತಿದ್ದರು; ಒಂದರ ಕೆಳಗೊಂದು ಹಗ್ಗದಿಂದ ಹೆಣೆದು ಸೇರಿಸಿದ ಪಟ್ಟಿಗಳವು. ಆಲ್ಸ್ಟಾಹಾಗ್‌ನ ಪಾದ್ರಿ ಪೆಟ್ಟರ್ ದಾಸ್ 1707ರಲ್ಲಿ ತೀರಿಕೊಂಡ ಮೇಲೆ ಯೆಕ್ಟ್‌ಗಳ ಹಾಯಿಗೆ ಕಪ್ಪು ಬಟ್ಟೆಯ ತುಂಡೊಂದನ್ನು ಹೊಲಿಯುವ ರೂಢಿ ಬಹಳ ಕಾಲ ನಡೆಯಿತೆಂದು ಹೇಳುತ್ತಾರೆ. ಮರಳುವಾಗ ಹಡಗಿನಲ್ಲಿ ಹಿಟ್ಟು, ಧಾನ್ಯ, ಉಪ್ಪು, ಸೆಣಬು, ಬಟ್ಟೆಗಳಿರುತ್ತಿದ್ದವು. ಈ ಕೊಡುಕೊಳ್ಳುವಿಕೆ ಬಹುಮಟ್ಟಿಗೆ ಸಾಲದ ಮೇಲೆ ನಿಂತಿತ್ತು. ಬರ್ಗನ್‌ನ ವ್ಯಾಪಾರಿ ಮುಂಗಡವಾಗಿ ಸಾಮಾನು ಕೊಡುತ್ತಿದ್ದ, ಮೀನುಗಾರ ಮುಂದಿನ ವರ್ಷದ ಮೀನಿನಿಂದ ತೀರಿಸಬೇಕಿತ್ತು, ತೀರುತ್ತಿದ್ದದ್ದು ಅಪರೂಪ. ಹಡಗಿನ ಸೌಂದರ್ಯವನ್ನು ಹೊಗಳುವ ಫಲಕಗಳ ಪಕ್ಕದಲ್ಲಿ ಈ ಲೆಕ್ಕವನ್ನೂ ಓದಿಕೊಳ್ಳಬೇಕು.

ಯೆಕ್ಟ್‌ಗಳ ಕಾಲ ಮುಗಿಸಿದ್ದು ಮುಖ್ಯವಾಗಿ ಉಗಿಹಡಗು. 1838ರಲ್ಲಿ ಪ್ರಿನ್ಸ್ ಗುಸ್ತಾವ್ ಎಂಬ ಉಗಿಹಡಗು ಟ್ರೋನ್‌ಹೈಮ್ ಮತ್ತು ಟ್ರೋಮ್ಸೋ ನಡುವೆ ಓಡತೊಡಗಿತು. 1893ರಲ್ಲಿ ರಿಚರ್ಡ್ ವಿತ್ ಅವರ ವೆಸ್ಟೆರೋಲೆನ್ ಹಡಗಿನಿಂದ ವೇಳಾಪಟ್ಟಿಯ ಕರಾವಳಿ ಸೇವೆ ಆರಂಭವಾಯಿತು. ಗಾಳಿಗೆ ಕಾಯಬೇಕಿಲ್ಲದ ಹಡಗು ಬಾಗಿಲಿಗೆ ಬಂದ ಮೇಲೆ ಯೆಕ್ಟ್‌ಗೆ ಹೊರೆ ಸಿಗಲಿಲ್ಲ. ತೆರೆದ ದೋಣಿಗಳು ಸ್ವಲ್ಪ ತಡವಾಗಿ, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ, ಡೆಕ್ ಮತ್ತು ಮೋಟಾರ್ ಇರುವ ದೋಣಿಗಳಿಗೆ ಜಾಗ ಬಿಟ್ಟವು.

ಬೂಡೋ ನೋಡಿದವರು ಸಾಧ್ಯವಾದರೆ ಬರ್ಗನ್‌ನ ಬ್ರಿಗೆನ್ ಕಟ್ಟೆಗೂ ಹೋಗಬೇಕು. 1702ರ ಬೆಂಕಿಯ ನಂತರ ಮತ್ತೆ ಕಟ್ಟಿದ, 1979ರಿಂದ ವಿಶ್ವ ಪರಂಪರೆಯ ತಾಣವಾಗಿರುವ ಆ ಮರದ ಗೋದಾಮುಗಳ ಮುಂದೆಯೇ ಯೆಕ್ಟ್‌ಗಳು ಸಾಲಾಗಿ ನಿಲ್ಲುತ್ತಿದ್ದವು. ಹಿಂದಿನ ಅಂಗಳಗಳಿಗೆ ಹೋಗುವ ಕಿರಿದಾದ ಓಣಿಗಳನ್ನೂ ಮೇಲಂತಸ್ತಿನ ಮೊಗಸಾಲೆಗಳನ್ನೂ ನೋಡಿ, ಡೆಕ್‌ನ ಮೇಲೆ ಪೇರಿಸಿದ ಕಟ್ಟುಗಳು ಕಟ್ಟೆಯಿಂದ ಈ ಓಣಿಗಳ ಮೂಲಕ ಒಳಗೆ ಹೋಗುತ್ತಿದ್ದ ದಾರಿಯನ್ನು ನಡೆದೇ ಹಿಂಬಾಲಿಸಬಹುದು.